ಸಾತವ್ವನ ನಾಲ್ಕನೆಯ ಕಾಲು

ಸರ್ಕಾರಿ ದಾಖಲೆಯ ಪ್ರಕಾರ ಆಲಮೇಲದ ಸಾತವ್ವನಿಗೆ ಹುಟ್ಟಿದಾಗ ನಾಲ್ಕು ಕಾಲುಗಳಿದ್ದವು. ಇದರಲ್ಲಿ ಯಾರಿಗೂ ತಕರಾರಿಲ್ಲ. ಈಗ ಸಾತವ್ವನಿಗೂ ಇಲ್ಲ.

ಜನ ಕಂಡಂತೆ ಇದ್ದದ್ದು ಎರಡು. ಬಲಗಾಲು ಕಬ್ಬಿನ ಗಾಡಿಯ ಗಾಲಿಗೆ ಸಿಕ್ಕು ಹೋಯಿತು. ಅಂದಿನಿಂದ ತಮ್ಮನ ಮನೆಯೇ ಗತಿ. ತಮ್ಮನ ಹೆಂಡತಿ ಕಸ್ತೂರೆವ್ವ ರೊಟ್ಟಿ ಹಾಕುವಾಗ ಜೊತೆಗೊಂದು ಮಾತನ್ನೂ ಹಾಕುತ್ತಿದ್ದಳು: "ಕುಂತ್ ತಿನ್ನಾಕೂ ಪುಣ್ಯಾ ಬೇಕ್ ಬಿಡ್ರಿ ಅಕ್ಕಾರ." ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು, ಮಾತು ಇಳಿಯುತ್ತಿರಲಿಲ್ಲ. ೧೯೭೯ರಲ್ಲಿ ಅಂಗವಿಕಲರಿಗೆ ಮಾಸಾಶನ ಬರುತ್ತದೆಂಬ ಸುದ್ದಿ ಕೇಳಿದ್ದೇ ಸಾತವ್ವ ನಿರ್ಧರಿಸಿದಳು: ಮಾಸಾಶನ ಬಂದ ದಿನವೇ ಬೇರೆ ಒಲೆ ಹೂಡಬೇಕು.

ಆದರೆ ಕಾಲಿಲ್ಲದ್ದಕ್ಕೆ ಪುರಾವೆ ಬೇಕು. ಅದಕ್ಕೆಂದೇ ಸಿಂದಗಿಯಲ್ಲಿ 'ಅಂಗನ್ಯೂನತಾ ಪುರಾವೆ ಪರಿಶೀಲನಾ ಕಚೇರಿ'ಯನ್ನು ಮಾಳಿಗೆಯ ಮೇಲೆ ತೆರೆದಿದ್ದರು. ಮೆಟ್ಟಿಲು ಹತ್ತಲಾರದವರ ಅರ್ಜಿ ಗೈರುಹಾಜರಿಯ ಕಾರಣಕ್ಕೆ ವಜಾ. ಹತ್ತಿ ಬಂದವರ ಅರ್ಜಿ, ಹತ್ತಿ ಬಂದ ಕಾರಣಕ್ಕೆ ವಜಾ. ಸಾತವ್ವ ನಡುವಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಿಯಮದಲ್ಲಿ ನಡುವಿನ ಮೆಟ್ಟಿಲಿನ ಪ್ರಸ್ತಾಪವೇ ಇರಲಿಲ್ಲ. ಗುಮಾಸ್ತ ಗುರಲಿಂಗಪ್ಪನೇ ಇಳಿದು ಬಂದ.

ಆಡಳಿತವೆಲ್ಲ ಕನ್ನಡದಲ್ಲೇ ನಡೆಯಬೇಕೆಂದು ಆಗಷ್ಟೇ ಆದೇಶವಾಗಿತ್ತು. ಅದಕ್ಕೆ ಅಂಜಿದ ಡಾಕ್ಟರು ಇಂಗ್ಲಿಷ್ ಬಿಟ್ಟು, ಸಾತವ್ವನ ಸರ್ಟಿಫಿಕೇಟಿನಲ್ಲಿ "ಒಂದು ಕಾಲು ಇಲ್ಲ" ಎಂದಷ್ಟೇ ಬರೆದಿದ್ದರು.

"ಯವ್ವಾ, ಕಾಲು ಅಂದ್ರ ನಾಲ್ಕರಾಗ ಒಂದ್ ಪಾಲು," ಎಂದ ಗುರಲಿಂಗಪ್ಪ. "ಮಾಸಾಶನಕ್ಕ ಅರ್ಧಾ ಹೋಗಿರಬೇಕು. ನಿಂದಿನ್ನೂ ಮುಕ್ಕಾಲು ಉಳದೈತಿ."

ಸಾತವ್ವ ಸೀರೆ ಸರಿಸಿ ತೋರಿಸಿದಳು. "ಹಂಗಾರ ಇದೇನೋ ಎಪ್ಪಾ? ಕಾಲ ಮನಿಯಾಗ ಮರತ್ ಬಂದೇನೇನು?"

"ಕಣ್ಣಿಗೆ ಕಂಡದ್ದು ಪುರಾವಿ ಅಲ್ಲಬೇ. ಕಣ್ಣಿನ ಮ್ಯಾಲ ಸರಕಾರಿ ಸಿಕ್ಕಾ ಇರೂದಿಲ್ಲ."

ಆದರೂ ಕರ್ತವ್ಯ ಬಿಡದೆ ಅವನು ಮೇಲೆ ಬರೆದು ಕಳಿಸಿದ: "ಅರ್ಜಿದಾರಳಿಗೆ ಒಂದು ಕಾಲು ಇಲ್ಲ, ಮುಕ್ಕಾಲು ಇದೆ." ಮೇಲಿನ ಸಾಹೇಬರು ವ್ಯಾಕರಣ ಬಲ್ಲವರು. 'ಮುಕ್ಕಾಲು' ಕಂಡೊಡನೆ ಸಮಾಸ ಬಿಡಿಸಿದರು: ಮೂರು ಕಾಲು. ಆಮೇಲೆ ಕೂಡಿಸಿ ಆದೇಶ ಹೊರಡಿಸಿದರು: "ಹೋದದ್ದು ಒಂದು, ಉಳಿದದ್ದು ಮೂರು, ಒಟ್ಟು ನಾಲ್ಕು. ನಾಲ್ಕು ಕಾಲಿನವರ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬಾರದ್ದರಿಂದ ಪ್ರಕರಣವನ್ನು ಪಶುವೈದ್ಯರಿಗೆ ವರ್ಗಾಯಿಸಿದೆ."

ಸಾತವ್ವ ಊರುಗೋಲು ಊರುತ್ತ ದನದ ದವಾಖಾನೆಗೆ ಹೋದಳು. ಪಶುವೈದ್ಯ ಬಸಂತರಾಯರು ಆದೇಶ ಓದಿದರು, ಆಕೆಯನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಅವ್ವಾ, ನಾ ದನದ ಡಾಕ್ಟರ್."

"ಮನಶ್ಯಾರ ಡಾಕ್ಟರ್ ಬರದದ್ದಕ್ಕ ಇಲ್ಲೀತನಾ ಬಂದೇನ್ರಿ. ನೀವಾದ್ರೂ ಒಮ್ಮಿ ಎಣಿಸ್ರಿ."

ಅವರು ಎಣಿಸಿದರು. "ಒಂದು ಹೋಗೈತಿ, ಖರೇ."

"ನಿಮ್ಮ ಹೊಟ್ಟಿ ತಣ್ಣಗಿರಲಿ! ಎಣಿಸಾಕ ಬರೂ ನೌಕರದಾರನ್ನ ಇವತ್ತ ನೋಡಿದೆ."

"ಆದ್ರ ಹೋದದ್ದು ಮುಂಗಾಲೋ ಹಿಂಗಾಲೋ ಅಂತ ಕೇಳತಾರವ್ವಾ."

"ಯಾವ್ದಕ್ಕ ಹೆಚ್ಚ ಕೊಡತಾರ?"

"ಹಿಂಗಾಲಿಗೆ."

"ಹಂಗಾರ ಹಿಂಗಾಲ ಬರೀರಿ. ನನಗ ಒಲಿ ಹೂಡೂದೈತಿ."

ದನಗಳಿಂದ ಆದಾಯದ ದಾಖಲೆ, ವಾಸದ ದಾಖಲೆ ಕೇಳಬಾರದೆಂಬ ವಿವೇಕ ಸರ್ಕಾರಕ್ಕಿದೆ. ಹೀಗಾಗಿ ಮಂಜೂರಾತಿ ತಡವಾಗಲಿಲ್ಲ. ತಿಂಗಳು ತಿಂಗಳು ಸಾತವ್ವನ ಹೆಸರಿಗೆ ಮೇವಿನ ಜೋಳದ ಕಣಿಕೆ ಬಂದು ಬೀಳತೊಡಗಿತು. ಎಮ್ಮೆ ಕಟ್ಟಿದ್ದ ನೆರೆಮನೆಯ ರೋಷನಬಿ ಕಣಿಕೆ ಒಯ್ದು ಜೋಳ, ಹಾಲು ಕೊಟ್ಟಳು. ಬೇರೆ ಒಲೆ ಹೊತ್ತಿತು. ದವಾಖಾನೆಯವರು ಕಿವಿಗೆ ಹಾಕಲು ಕೊಟ್ಟ ನಂಬರಿನ ಹಿತ್ತಾಳೆಯ ಬಿಲ್ಲೆಯನ್ನು ಸಾತವ್ವ ಹುಣಸೆಹಣ್ಣಿನಿಂದ ತಿಕ್ಕಿ ಹೊಳಪಿಟ್ಟಳು. ಅದನ್ನು ನೋಡಿ ನೋಡಿ ತಡೆಯಲಾರದೆ ಕಸ್ತೂರೆವ್ವ ಒಂದು ದಿನ ಹೊಸ ಒಲೆಯ ಮುಂದೆ ಬಂದು ಕುಳಿತಳು.

"ಅಕ್ಕಾರ, ನನಗೂ ಮೊಣಕಾಲ ಭಾಳ ನೋಯತೈತ್ರಿ. ದನದ ದವಾಖಾನಿಗೆ ಅರ್ಜಿ ಹೆಂಗ ಕೊಡೂದು?"

ಸಾತವ್ವ ಬಿಸಿರೊಟ್ಟಿ ಹಾಕಿದಳು. "ಮೊದಲ ಕುಂತ್ ತಿನ್ನ ತಂಗಿ. ಪುಣ್ಯಾ ಬರತೈತಿ."

ವರ್ಷಕ್ಕೊಮ್ಮೆ ಬದುಕಿರುವ ಪುರಾವೆ ಕೊಡಬೇಕೆಂಬುದು ನಿಯಮ. ಮರುವರ್ಷ ಸಾತವ್ವ ದವಾಖಾನೆಯಲ್ಲಿ ಎತ್ತುಗಳ ನಡುವೆ ಪಾಳಿಗೆ ನಿಂತಳು. ಎತ್ತಿನವರು ಸರಿದು ಜಾಗ ಬಿಟ್ಟರು. ಹಲ್ಲು ನೋಡಿ ವಯಸ್ಸು ಬರೆಯಬೇಕಿದ್ದರಿಂದ ಬಸಂತರಾಯರು ಬಾಯಿ ತೆಗೆಸಿ, ನೋಡಿ, ಬರೆಯುತ್ತ ಗಟ್ಟಿಯಾಗಿ ಓದಿಕೊಂಡರು: "ಹಲ್ಲು... ಕಾಲು ಭಾಗ... ಇಲ್ಲ."

ಸಾತವ್ವ ಗಬಕ್ಕನೆ ಅವರ ಕೈ ಹಿಡಿದಳು.

"ಕಾಲು ಅಂತ ಬರೀಬ್ಯಾಡ್ರೀ ಸಾಹೇಬ್ರ! ಹಲ್ಲಿಗೆ ಕಾಲು ಬಂದಾವಂತ ಮತ್ತೊಂದ್ ಕಚೇರಿಗೆ ಕಳಸತಾರ!"

ಬಸಂತರಾಯರಿಗೆ ಮಾತು ಸರಿಯೆನಿಸಿತು. 'ಕಾಲು ಭಾಗ' ಎಂಬುದನ್ನು ಹೊಡೆದುಹಾಕಿದರು.