ಮಂಚೇನಹಳ್ಳಿ ಕಾರ್ಯಾಚರಣೆ

ಎಲ್ಲಕ್ಕೂ ಮೂಲ ಕೆಂಪು ಬಣ್ಣ. ಅದು ಯಾರಿಗೂ ಬೇಡವಾಯಿತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಗೌರಿಬಿದನೂರಿನ ಒಂದು ರಸಗೊಬ್ಬರದ ಅಂಗಡಿಯ ಮಹಡಿಯಲ್ಲಿ ನರಸಿಂಹಮೂರ್ತಿ ಹನ್ನೆರಡು ಜನ ಬೈಕ್ ಸವಾರರನ್ನು ನಿಲ್ಲಿಸಿಕೊಂಡು ವಿವರಿಸುತ್ತಿದ್ದ. ಆರು ಜನ ನೀಲಿ ಪಡೆ, ಅಂದರೆ ನಮ್ಮವರು. ಆರು ಜನ ಕೆಂಪು ಪಡೆ, ಅಂದರೆ ಶತ್ರುಗಳು. ಇಷ್ಟು ಹೇಳಿ ತಲೆಯೆತ್ತಿ ನೋಡಿದರೆ ಹನ್ನೆರಡೂ ಜನ ಒಂದೇ ಗೋಡೆಗೆ ಒತ್ತಿ ನಿಂತಿದ್ದರು.

“ನಾವ್ಯಾಕಪ್ಪ ಶತ್ರುಗಳಾಗಣ?” ಅಂದರು ಕೆಳಗಿನ ಅಂಗಡಿಯ ಸಾಹುಕಾರರೂ ಕಟ್ಟಡದ ಮಾಲೀಕರೂ ಆದ ರಾಮಾಂಜಿನಪ್ಪ. “ನಾಳೆ ಪಂಚಾಯ್ತಿ ಎಲೆಕ್ಷನ್ನು ಬತ್ತದೆ. ರಾಮಾಂಜಿನಪ್ಪ ದೇಶದ ಶತ್ರು ಅಂತ ಕಂಪ್ಯೂಟರಲ್ಲೇ ಬರ್ದೈತೆ ಅಂತ ಯಾರಾದ್ರೂ ಫೋಟೊ ಹಾಕಿದ್ರೆ?”

“ಬರೀ ಹೆಸರಿಗೆ ಸಾರ್. ಸಮರಾಭ್ಯಾಸ ಇದು.”

“ಹೆಸರೇ ಅಲ್ಲವೇನಪ್ಪ ಎಲ್ಲಾ.”

ಸವಾರರನ್ನೆಲ್ಲ ಕರೆತಂದವರು ರಾಮಾಂಜಿನಪ್ಪನವರೇ. ಎಲ್ಲರೂ ಅವರ ಗಿರಾಕಿಗಳು, ನೆಂಟರು, ನೆಂಟರ ನೆಂಟರು. ಅವರು ಮುನಿಸಿಕೊಂಡರೆ ಯುದ್ಧವೇ ಇಲ್ಲ. ನರಸಿಂಹಮೂರ್ತಿ ಕೂತು ಸಾಫ್ಟ್‌ವೇರಿನಲ್ಲಿ ‘ಶತ್ರು’ ಎಂದಿದ್ದ ಕಡೆಯಲ್ಲೆಲ್ಲ ‘ಎದುರು ಪಾರ್ಟಿ’ ಎಂದು ತಿದ್ದಿದ. ಅದು ಎಲ್ಲರಿಗೂ ಪರಿಚಯದ ಮಾತು. ಕೂಡಲೇ ಆರು ಜನ ಈಚೆ ಬಂದರು. ರಾಮಾಂಜಿನಪ್ಪನವರು ನೀಲಿಯಲ್ಲೇ ಉಳಿದು, ತಮ್ಮನ್ನು ಬ್ರಿಗೇಡಿಯರ್ ಎಂದು ಬರೆಸಿಕೊಂಡರು. ಆಮೇಲೆ ಮಿಕ್ಕ ಹನ್ನೊಂದು ಜನರೂ ಒಂದೊಂದು ಪದವಿ ಕೇಳಿದರು. ಹತ್ತು ಗಂಟೆಯ ಹೊತ್ತಿಗೆ ಎರಡೂ ಸೈನ್ಯಗಳಲ್ಲಿ ಹುಡುಕಿದರೂ ಒಬ್ಬ ಸಿಪಾಯಿ ಇರಲಿಲ್ಲ.

ಈ ಸಾಫ್ಟ್‌ವೇರಿನ ಹೆಸರು ರಣರೇಖಾ. ಸೈನ್ಯದ ತರಬೇತಿ ಕಸರತ್ತುಗಳಿಗೆ ಯೋಜನೆ ಹಾಕುವುದಕ್ಕೆ ಒಂದು ಪುಟ, ಅವು ನಡೆಯುವಾಗ ಯಾವ ತುಕಡಿ ಎಲ್ಲಿದೆ ಎಂದು ನಿಗಾ ಇಡುವುದಕ್ಕೆ ಇನ್ನೊಂದು ಪುಟ. ಫೋನಿನಲ್ಲಿ ಅದರ ಆ್ಯಪ್ ಇದ್ದವರು ಎಲ್ಲಿದ್ದರೂ ನಿಗಾ ಪುಟದ ನಕಾಶೆಯ ಮೇಲೆ ಒಂದು ಚುಕ್ಕೆಯಾಗಿ ಕಾಣುತ್ತಿದ್ದರು. ಕಂಪನಿಯ ಧಣಿ ರಮೇಶ್‌ಬಾಬು. ಮೂರು ವರ್ಷದ ಹಿಂದಿನವರೆಗೂ ಇದೇ ಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಮನುಷ್ಯ. ಬೆಂಗಳೂರಿನ ಯಾವುದೋ ಪ್ರದರ್ಶನದಲ್ಲಿ ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದ ದಿನದಿಂದ ದೇಶದ ರಕ್ಷಣೆಯೆಲ್ಲ ತನ್ನ ತಲೆಯ ಮೇಲೇ ಇದೆ ಎಂದು ನಂಬಿಕೊಂಡಿದ್ದ. ಅವನಿಗೆ ಕಂಪ್ಯೂಟರ್ ಆನ್ ಮಾಡಲು ಬರುತ್ತಿತ್ತು. ಮಿಕ್ಕದ್ದನ್ನೆಲ್ಲ ನರಸಿಂಹಮೂರ್ತಿ ಮಾಡಿದ್ದ.

ಹಾಗೆ ಮಾಡಿ ಮೂರು ವರ್ಷವಾದರೂ ಅವನು ಇನ್ನೂ ಟ್ರೈನಿ. ವಯಸ್ಸು ಮೂವತ್ತಾರು. ಇವತ್ತಿನ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಸಾಫ್ಟ್‌ವೇರಿನ ಮೇಲೆ ‘ಮುಖ್ಯ ವಿನ್ಯಾಸಕ’ ಎಂದು ಅವನ ಹೆಸರು. ಫೇಲಾದರೆ ಕಂಪನಿ ಮುಚ್ಚಿ ಮತ್ತೆ ಟ್ಯೂಷನ್, ಅವನು ಎಂಟನೇ ಕ್ಲಾಸಿಗೆ ಗಣಿತ ಹೇಳಬೇಕು ಎಂದು ರಮೇಶ್‌ಬಾಬು ಮೊದಲೇ ಹೇಳಿದ್ದ. ನರಸಿಂಹಮೂರ್ತಿಗೆ ಮಕ್ಕಳೆಂದರೆ ಭಯ.

ಪಾಸು ಫೇಲು ಹೇಳಬೇಕಾದವರು ನಿವೃತ್ತ ಮೇಜರ್ ಮುನಿವೆಂಕಟಪ್ಪ. ಬೆಂಗಳೂರಿನ ಒಂದು ಖಾಸಗಿ ಕಂಪನಿ ರಣರೇಖಾವನ್ನು ಕೊಳ್ಳುವ ಯೋಚನೆಯಲ್ಲಿತ್ತು, ಇವರು ಅದರ ಸಲಹೆಗಾರರು. ಶಿಡ್ಲಘಟ್ಟದ ತಮ್ಮ ಮನೆಯಿಂದ ಕಾರಿನಲ್ಲಿ ಹೊರಟು ಹನ್ನೆರಡಕ್ಕೆ ಬರುವವರಿದ್ದರು. ಸಮರಾಭ್ಯಾಸದ ಅಂಪೈರ್ ಅವರೇ ಆದ್ದರಿಂದ ಅವರ ಫೋನಿಗೂ ಆ್ಯಪ್ ಹಾಕಿತ್ತು. ಆದರೆ ಅವರ ಹಳದಿ ಚುಕ್ಕೆ ಪರದೆಯ ಮೇಲೆ ಕಾಣದ ಹಾಗೆ ಮಾಡು ಎಂದು ರಮೇಶ್‌ಬಾಬು ಹೇಳಿದ್ದ. ದೊಡ್ಡವರ ಮೇಲೆ ನಿಗಾ ಇಡುವುದು ಮರ್ಯಾದೆಯಲ್ಲ ಎಂಬುದು ಅವನ ಅಭಿಪ್ರಾಯ.

ಹತ್ತೂವರೆಗೆ ಯುದ್ಧ ಶುರುವಾಯಿತು. ಕೆಂಪು ಪಡೆ ಮಂಚೇನಹಳ್ಳಿ ಹತ್ತಿರದ ಒಂದು ಕೆರೆ ಕಟ್ಟೆಯನ್ನು ಕಾಯಬೇಕು, ನೀಲಿ ಪಡೆ ಮೂರು ದಿಕ್ಕಿನಿಂದ ಬಂದು ಅದನ್ನು ಹಿಡಿಯಬೇಕು. ಚುಕ್ಕೆಗಳು ನಕಾಶೆಯ ಮೇಲೆ ಸಾಲಾಗಿ ಹೊರಟಾಗ ನರಸಿಂಹಮೂರ್ತಿಯ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಹರಿಣಿ ಕಾಫಿ ಕುಡಿಯುತ್ತ, “ಇನ್ನೂ ಅಳಬೇಡಿ ಸಾರ್, ಊಟದ ಹೊತ್ತಾಗ್ಲಿ” ಅಂದಳು.

ಹನ್ನೊಂದೂ ಮುಕ್ಕಾಲಿಗೆ ಒಂದು ನೀಲಿ ಚುಕ್ಕೆ ದಾರಿ ಬಿಟ್ಟು ಮಂಚೇನಹಳ್ಳಿ ಊರೊಳಗೆ ಹೋಗಿ ನಿಂತಿತು. ಹಿಂದೆಯೇ ಇನ್ನೊಂದು. ಕೆರೆ ಕಟ್ಟೆಯನ್ನು ಕಾಯುತ್ತಿದ್ದ ಕೆಂಪು ಚುಕ್ಕೆಗಳೂ ಕಟ್ಟೆ ಇಳಿದು ಬಂದು ಅದೇ ಜಾಗ ಸೇರಿದವು. ಹನ್ನೆರಡೂಕಾಲರ ಹೊತ್ತಿಗೆ ಹನ್ನೆರಡೂ ಚುಕ್ಕೆಗಳು ಬೆಲ್ಲದ ಚೂರಿಗೆ ಮುತ್ತಿದ ಇರುವೆಗಳ ಹಾಗೆ ಒಂದೇ ಕಡೆ ಗುಡ್ಡೆಯಾಗಿದ್ದವು.

ನರಸಿಂಹಮೂರ್ತಿ ಬ್ರಿಗೇಡಿಯರಿಗೆ ಫೋನ್ ಮಾಡಿದ.

“ಹಲೋ, ಏನ್ ಸಾರ್, ಎಲ್ಲಿದೀರಾ?”

“ಬೀಗರೂಟ ಕಣಪ್ಪ, ನಮ್ಮ ಷಡ್ಡಕನ ಮಗಳದು. ದಾರೀಲೇ ಶಾಮಿಯಾನ ಕಾಣಿಸ್ತು, ಕರುದ್ರು. ಬೀಗರ ಮನೆ ಮುಂದೆ ಹಾದು ಊಟ ಬಿಟ್ಟು ಹೋದ್ರೆ ಏನಂದ್ಕೊಂತಾರೆ?”

“ಮತ್ತೆ ಕೆಂಪು ಪಾರ್ಟಿಯವರು?”

“ಎದುರಿಗೇ ಕೂತವ್ರೆ. ಪಾಪ, ಅವ್ರನ್ನ ಬಿಸಿಲಲ್ಲಿ ಬಿಟ್ಟು ನಾವ್ ಉಣ್ಣಾಕಾಯ್ತದಾ? ನಾನೇ ಫೋನ್ ಮಾಡಿ ಕರೆಸ್ದೆ. ಇರು, ಮುದ್ದೆ ಬಂತು.”

ವಿಷಯ ಕೇಳಿ ರಮೇಶ್‌ಬಾಬು ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಮೇಜರ್ ಫೋನ್ ಬಂತು. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕಾರು ಪಂಚರಾಗಿದೆಯಂತೆ, ಸುತ್ತಮುತ್ತ ಒಂದು ಅಂಗಡಿಯೂ ಇಲ್ಲವಂತೆ, ಬರುವುದು ಎರಡೂವರೆ ಆಗುತ್ತದಂತೆ. ಹಿಂದುಗಡೆ ಏನೋ ಗದ್ದಲ ಕೇಳುತ್ತಿತ್ತು. ರಮೇಶ್‌ಬಾಬು ದೇವರಿಗೆ ಕೈಮುಗಿದ.

“ನರಸಿಂಹಮೂರ್ತಿ, ಎರಡು ಗಂಟೆ ಟೈಮೈತೆ. ಯುದ್ಧ ಆದಂಗೆ ಮಾಡು.”

“ಅದೆಂಗ್ ಸಾರ್? ಜನ ಎಲ್ಲವ್ರೋ ಅದನ್ನೇ ತೋರ್ಸೋದು ಇದು. ಅದಕ್ಕೇ ಮೂರು ವರ್ಷ ತಗೊಂಡಿರೋದು.”

“ಯೋಜನೆ ಪುಟದಲ್ಲಿ ಕೈಯಲ್ಲೇ ಚುಕ್ಕೆ ತಳ್ತೀಯಲ್ಲ, ಅದನ್ನೇ ನಿಗಾ ಪುಟ ಅಂತ ತೋರ್ಸು. ಬೇಕಾ ಎಂಟನೇ ಕ್ಲಾಸು?”

ಬೇಡವಾಗಿತ್ತು. ನರಸಿಂಹಮೂರ್ತಿ ಮೌಸು ಹಿಡಿದು ಕೂತು, ಹನ್ನೆರಡು ಚುಕ್ಕೆಗಳನ್ನೂ ಒಂದೊಂದಾಗಿ ಹೊಲ, ಹಳ್ಳ, ತೋಪುಗಳ ಮೂಲಕ ತಳ್ಳಿದ. ಹನ್ನೆರಡು ನಲವತ್ತಕ್ಕೆ ಕೆರೆ ಕಟ್ಟೆ ವಶವಾಯಿತು. ಕೆಂಪು ಪಡೆ ಶಿಸ್ತಾಗಿ ಹಿಂದೆ ಸರಿಯಿತು. ಹರಿಣಿ ಇದನ್ನೆಲ್ಲ ನೋಡುತ್ತ, “ನಿಜವಾಗಲೂ ಕೆಲಸ ಮಾಡೋ ಪುಟ ಮುಚ್ಚಿಟ್ಟು ಸುಳ್ಳು ಪುಟ ತೋರಿಸ್ತಿದೀರಲ್ಲ ಸಾರ್, ನಾಚ್ಕೆ ಆಗಲ್ವಾ?” ಎಂದು ಕೇಳಿದಳು. ಆಗುತ್ತಿತ್ತು. ಆದರೂ ತಳ್ಳುತ್ತಿದ್ದ. ಬೆನ್ನುಮೂಳೆ ಅನ್ನುವುದು ಅವನಲ್ಲಿ ಕುರ್ಚಿಗೆ ಒರಗುವುದಕ್ಕೆ ಮಾತ್ರ ಇತ್ತು.

ಎರಡೂವರೆಗೆ ಮೇಜರ್ ಮುನಿವೆಂಕಟಪ್ಪ ಮೆಟ್ಟಿಲು ಹತ್ತಿ ಬಂದರು. ಮೀಸೆ ತಿರುವಿತ್ತು, ಮುಖ ಮಿನುಗುತ್ತಿತ್ತು, ಸ್ವಲ್ಪ ಏದುಸಿರಿತ್ತು. ಕುರ್ಚಿಯಲ್ಲಿ ಕೂತು ಬೆಲ್ಟನ್ನು ಒಂದು ತೂತು ಸಡಿಲಿಸಿಕೊಂಡು ಪರದೆಯನ್ನು ನೋಡಿದರು. ಒಂದೊಂದು ಚುಕ್ಕೆಯ ದಾರಿಯನ್ನೂ ಬೆರಳಲ್ಲಿ ಹಿಂಬಾಲಿಸಿದರು.

“ಇದು ಸುಳ್ಳು” ಅಂದರು ಕೊನೆಗೆ.

ರಮೇಶ್‌ಬಾಬು ಕುರ್ಚಿಯನ್ನು ನರಸಿಂಹಮೂರ್ತಿಯ ಹತ್ತಿರಕ್ಕೆ ಎಳೆದುಕೊಂಡ.

“ಹನ್ನೆರಡು ಜನ ಹೊರಟ್ರೆ ಒಬ್ಬನಾದ್ರೂ ದಾರಿ ತಪ್ಪಬೇಕು, ಒಬ್ಬನಾದ್ರೂ ತಡ ಆಗಬೇಕು. ಇಲ್ಲಿ ಗೆರೆ ಎಳೆದಂಗೆ ಹೋಗವ್ರೆ. ಸೈನ್ಯದಲ್ಲಿ ಸುಳ್ಳು ವರದಿ ಕೊಟ್ಟವನಿಗೆ ಏನ್ ಮಾಡ್ತಾರೆ ಗೊತ್ತೇನ್ರಿ? ನನಗೆ ನಿಜ ಬೇಕು. ಎಷ್ಟೇ ಕೆಟ್ಟದಾಗಿರ್ಲಿ, ನಿಜ ತೋರ್ಸಿ. ಇಲ್ಲಾಂದ್ರೆ ಈಗ್ಲೇ ಬೇಡ ಅಂತ ಬರೀತೀನಿ.”

ಮೂರು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ನರಸಿಂಹಮೂರ್ತಿಯ ಹತ್ತಿರ ನಿಜ ಕೇಳಿದ್ದರು. ಅವನಿಗೆ ಮೈಯೆಲ್ಲ ಹಗುರವಾಯಿತು. ಧಣಿ ಮೇಜಿನ ಕೆಳಗೆ ಕಾಲು ತುಳಿಯುತ್ತಿದ್ದರೂ ಲೆಕ್ಕಿಸದೆ ನಿಗಾ ಪುಟವನ್ನು ತೆರೆದು ಮಧ್ಯಾಹ್ನದ ದಾಖಲೆಯನ್ನು ಹಾಕಿದ. ಹನ್ನೆರಡು ಚುಕ್ಕೆಗಳು ಮಂಚೇನಹಳ್ಳಿಯಲ್ಲಿ ಗುಡ್ಡೆ ಬಿದ್ದಿದ್ದವು.

“ಇದ್ಯಾವ ಜಾಗ?” ಮೇಜರ್ ದನಿ ಯಾಕೋ ತಗ್ಗಿತು.

“ಬೀಗರೂಟದ ಶಾಮಿಯಾನ ಸಾರ್. ಎರಡೂ ಪಡೆ ಒಟ್ಟಿಗೆ ಕೂತು ಉಂಡವ್ರೆ. ತಪ್ಪು ಅವ್ರದು ಸಾರ್, ಸಾಫ್ಟ್‌ವೇರಿಂದಲ್ಲ. ಎಷ್ಟು ಕರಾರುವಾಕ್ಕು ಅಂದ್ರೆ, ಯಾರು ಯಾವ ಪಂಕ್ತೀಲಿ ಕೂತಿದ್ರು ಅಂತಾನೂ ಹೇಳ್ತದೆ. ನೋಡಿ ಸಾರ್, ದೊಡ್ಡದು ಮಾಡ್ತೀನಿ.”

“ಬೇಡ, ಸಾಕು, ಅರ್ಥ ಆಯ್ತು.”

“ಒಂದ್ನಿಮಿಷ ಸಾರ್.”

ಉತ್ಸಾಹ ಬಂದ ನರಸಿಂಹಮೂರ್ತಿಯನ್ನು ತಡೆಯುವವರಿಲ್ಲ. ನಕಾಶೆಯನ್ನು ಪೂರ್ತಿ ಹತ್ತಿರಕ್ಕೆ ಎಳೆದ. ಅಷ್ಟು ಹತ್ತಿರ ಹೋದರೆ ಮುಚ್ಚಿಟ್ಟ ಚುಕ್ಕೆಗಳೂ ಕಾಣುವಂತೆ ಅವನೇ ಬರೆದಿದ್ದ, ಆ ಗಳಿಗೆಯಲ್ಲಿ ಮರೆತಿದ್ದ. ಆರು ನೀಲಿ, ಆರು ಕೆಂಪು, ನಡುವೆ ಒಂದು ಹಳದಿ. ಪಕ್ಕದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಅಂಪೈರ್, ಹನ್ನೆರಡು ಹತ್ತರಿಂದ ಎರಡು ಐದರವರೆಗೆ.

ಹರಿಣಿ ಖಾಲಿ ಕಾಫಿ ಲೋಟವನ್ನು ಮತ್ತೆ ಬಾಯಿಗಿಟ್ಟುಕೊಂಡಳು.

“ತಾಂತ್ರಿಕ ದೋಷ” ಅಂದರು ಮೇಜರ್. “ನಾನು ಆವಾಗ ಪಂಚರ್ ಆಗಿ ರಸ್ತೇಲಿ ನಿಂತಿದ್ದೆ.”

ಹೌದು ಸಾರ್, ದೋಷವೇ ಎಂದುಬಿಟ್ಟರೆ ಸಾಫ್ಟ್‌ವೇರ್ ಫೇಲು. ಅಲ್ಲ ಎಂದರೆ ಮೇಜರ್ ಫೇಲು. ನರಸಿಂಹಮೂರ್ತಿ ಯಾವುದು ವಾಸಿ ಎಂದು ಲೆಕ್ಕ ಹಾಕುತ್ತಿರುವಾಗಲೇ ಬ್ರಿಗೇಡಿಯರ್ ರಾಮಾಂಜಿನಪ್ಪ ಎಲೆಅಡಿಕೆ ಜಗಿಯುತ್ತ ಒಳಗೆ ಬಂದು, ಮೇಜರನ್ನು ಕಂಡು ಅರಳಿಬಿಟ್ಟರು.

“ಅಯ್ಯೋ, ನೀವೇನ್ ಸ್ವಾಮಿ ಇಲ್ಲಿ? ಗಂಡಿನ ಕಡೆಯೋರಲ್ವಾ ನೀವು? ಇನ್ನೊಂದ್ ಮುದ್ದೆ ಹಾಕ್ಸಣ ಅನ್ನೋದ್ರೊಳಗೆ ಎದ್ದೇ ಬಿಟ್ರಿ. ಕಾರಿಗೆ ಸಾರಿನ ಕ್ಯಾನು ಇಡ್ಸಿದೀನಿ, ನೋಡ್ಕೊಳಿ, ಚೆಲ್ಲೀತು.”

ಮೇಜರ್ ಮುಖ ಕಪ್ಪಾಯಿತು, ಕೆಂಪಾಯಿತು, ಆಮೇಲೆ ನಿಧಾನವಾಗಿ ಮಾಮೂಲಿ ಬಣ್ಣಕ್ಕೆ ಬಂತು. ನಾಚಿಕೆಯಿಂದ ಇಷ್ಟು ಬೇಗ ಹೊರಬರುವುದಕ್ಕೆ ಬಹಳ ವರ್ಷದ ಅಭ್ಯಾಸ ಬೇಕು. ಎದ್ದು ನಿಂತು ಬೆಲ್ಟು ಬಿಗಿದುಕೊಂಡರು.

“ರಮೇಶ್‌ಬಾಬು, ಮೊದಲು ತೋರ್ಸಿದ್ರಲ್ಲ, ಆ ಪುಟ ತೆಗೀರಿ.”

ಕೆರೆ ಕಟ್ಟೆ ಮತ್ತೆ ವಶವಾಯಿತು.

“ಭಾಳ ಚೆನ್ನಾಗೈತೆ” ಅಂದರು ಮೇಜರ್. “ಮೊದಲ ಸಲ ನೋಡಿದಾಗ ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ. ಯೋಜನೆ ಹೆಂಗೈತೋ ಹಂಗೇ ನಡೆದೈತೆ. ನೋಡ್ದೋರಿಗೆ ನಂಬಿಕೆ ಬರ್ತದೆ. ಆ ಇನ್ನೊಂದು ಪುಟ ಜನರ ಮನಸ್ಸು ಕೆಡಿಸ್ತದೆ. ಅದನ್ನ ಪೂರ್ತಿ ತೆಗೆದುಹಾಕಿ, ನಾಳೆನೇ ತಗಳೋಣ ಅಂತ ಬರೀತೀನಿ. ಹಾಂ, ನನ್ನ ಚುಕ್ಕೆ ಒಂದು ಇದ್ರೆ ಒಳ್ಳೇದು. ಚಿಕ್ಕಬಳ್ಳಾಪುರದ ಈ ಕಡೆ ಎಲ್ಲಾದ್ರೂ, ರಸ್ತೆ ಪಕ್ಕದಲ್ಲಿ.”

ನರಸಿಂಹಮೂರ್ತಿ ಹಳದಿ ಚುಕ್ಕೆಯನ್ನು ತಳ್ಳಿಕೊಂಡು ಹೋಗಿ ರಸ್ತೆ ಬದಿಯಲ್ಲಿ ನಿಲ್ಲಿಸಿದ. ಮೇಜರ್ ಬಗ್ಗಿ ನೋಡಿ, “ಸ್ವಲ್ಪ ನೆರಳಿಗೆ ಇಡಪ್ಪ” ಅಂದರು. ಅವನು ಚುಕ್ಕೆಯನ್ನು ಒಂದು ಹುಣಸೆಮರದ ಕೆಳಗೆ ಸರಿಸಿದ. ಮೇಜರ್ ವರದಿಗೆ ಸಹಿ ಹಾಕಿ, ಸಾರಿನ ಕ್ಯಾನಿನ ಯೋಚನೆಯಲ್ಲಿ ಬೇಗ ಬೇಗ ಮೆಟ್ಟಿಲಿಳಿದರು.

ಸಂಜೆ ಐದಕ್ಕೆ ರಮೇಶ್‌ಬಾಬು ನರಸಿಂಹಮೂರ್ತಿಯ ಕಣ್ಣೆದುರಿಗೇ ನಿಗಾ ಪುಟವನ್ನು ಅಳಿಸಿ ಹಾಕಿಸಿದ. ಅಳಿಸಿದವನೂ ನರಸಿಂಹಮೂರ್ತಿಯೇ, ಯಾಕೆಂದರೆ ಧಣಿಗೆ ಅದೂ ಬರುತ್ತಿರಲಿಲ್ಲ. ಮೂರು ವರ್ಷದ ಕೆಲಸ ಹೋಗುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಅವನಿಗೆ ಅಳು ಬಂತು, ಈ ಸಲ ಹರಿಣಿ ತನ್ನ ಕಾಫಿ ಲೋಟವನ್ನು ಅವನ ಕಡೆಗೆ ಸರಿಸಿದಳು.

ಆಮೇಲೆ ಧಣಿ ಮಾತಿಗೆ ತಪ್ಪದೆ ಆದೇಶ ಟೈಪು ಮಾಡಿಸಿ ಕೊಟ್ಟ. ಕೆಲಸ ಕಾಯಂ. ನರಸಿಂಹಮೂರ್ತಿ ಕಣ್ಣೊರೆಸಿಕೊಂಡು ಓದಿದ. ‘ಮುಖ್ಯ ವಿನ್ಯಾಸಕ’ ಎಂಬ ಕಡೆ ರಮೇಶ್‌ಬಾಬುವಿನ ಹೆಸರಿತ್ತು. ಅವನ ಹೆಸರು ಕೆಳಗಿತ್ತು, ಹುದ್ದೆ ‘ಚಲನವಲನ ಅಧಿಕಾರಿ’.

“ಅಂದ್ರೆ ಏನ್ ಮಾಡ್ಬೇಕು ಸಾರ್?”

“ಇನ್ಮೇಲೆ ಜನ, ಬೈಕು, ಪೆಟ್ರೋಲು ಏನೂ ಬೇಡ ಕಣಪ್ಪ. ದಿನಾ ಒಂಬತ್ತರಿಂದ ಆರರ ತನಕ ಕೂತ್ಕೊಂಡು ಚುಕ್ಕೆ ತಳ್ಳೋದು. ರಿಟೈರ್ ಆಗೋವರೆಗೂ ಯಾರೂ ನಿನ್ನ ತೆಗೆಯಂಗಿಲ್ಲ” ಅಂದ ರಮೇಶ್‌ಬಾಬು.