ನಮ್ಮ ಬೇಲಿ ಮುರಿಯುವ ಮುಳ್ಳುಬೆನ್ನಿನ ಮಹನೀಯರಿಗೆ

ಶ್ರೀಮಾನ್ ಮುಳ್ಳುಬೆನ್ನಿನವರ ಸನ್ನಿಧಿಗೆ,
ಈಶಾನ್ಯ ಮೂಲೆಯ ಜೌಗು, ನನ್ನ ಕುಂಬಳದ ಹೊಲದಿಂದ ನಲವತ್ತು ಹೆಜ್ಜೆ.

ವಿಷಯ: ಉಂಡ ಮನೆಯ ಬೇಲಿ ಮುರಿಯುವುದು ಹಾಗೂ ಉಣಿಸಿದವಳನ್ನು ಕೊಲ್ಲುವುದು.

ಮಾನ್ಯರೇ,

ಕೊಲ್ಹಾಪುರದ ಮಂಗಳವಾರ ಪೇಠೆಯಿಂದ ಪುಷ್ಪಲತಾ ಯಶವಂತ ಸಾಳೋಖೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮೆದುರು ಈಗಾಗಲೇ ಏಳು ಬಾರಿ ಉದ್ದಕ್ಕೆ ಮಲಗಿರುವುದರಿಂದ ಇದನ್ನು ಬರಿಯ ಉಪಚಾರದ ಮಾತೆಂದು ತಾವು ತಿಳಿಯಬಾರದು. ತಮ್ಮ ಕೋರೆಹಲ್ಲು, ಉಗುರು ಮತ್ತು ಬೆನ್ನಿನ ಮುಳ್ಳುಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಬೇಲಿಯ ಈಗಿನ ಸ್ಥಿತಿ ನೋಡಿದರೆ ಅವು ಕ್ಷೇಮವಾಗಿಯೇ ಇವೆ.

ತಮಗೆ ಗೊತ್ತಿರಲಿಕ್ಕಿಲ್ಲ, ತಾವು ವಾಸಿಸುವುದು ಒಂದು ಆಟದೊಳಗೆ, ನಮ್ಮ ಮನೆಯ ಟ್ಯಾಬಿನ ಗಾಜಿನ ಹಿಂದೆ. ಅಲ್ಲಿ ಸೋಲು ಗೆಲುವು ಎಂಬುದಿಲ್ಲ. ಮಣ್ಣು ಅಗೆದು ಮನೆ ಕಟ್ಟಬಹುದು, ಕುಂಬಳ ಬೆಳೆಯಬಹುದು, ಮೈಮೇಲೆ ಬೀಳುವ ಮೃಗಗಳಿಗೆ ಉಣಿಸಿ ತಿನಿಸಿ ಪಳಗಿಸಲೂಬಹುದು. ಪಳಗದ ಮೃಗದ ಕಣ್ಣು ಕೆಂಪು, ಅರೆಪಳಗಿದ್ದು ಹಳದಿ, ಪೂರ್ತಿ ಪಳಗಿದರೆ ಹಸಿರು. ಇಷ್ಟನ್ನು ನನಗೆ ಕಲಿಸಿದವಳು ನನ್ನ ಮೈದುನನ ಸೊಸೆ ಕೇತಕಿ. ಮಹಾನಗರಪಾಲಿಕೆಯ ಟಪಾಲು ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತಳಾದ ನನಗೆ ಕೆಂಪು ಕಣ್ಣುಗಳು ಹೊಸವಲ್ಲ. ಪಳಗುವ ಕಣ್ಣುಗಳೂ ಇರುತ್ತವೆ ಎಂಬುದಷ್ಟೇ ಹೊಸ ಸುದ್ದಿ.

ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಕರ್ತವ್ಯ. ತಾವು ಸಮಯಪಾಲಕರು. ಊಟ ಮುಗಿಸಿ ನಾನು ಎರಡೂವರೆಗೆ ಟ್ಯಾಬು ತೆರೆದರೆ ಎರಡು ಮೂವತ್ತೊಂದಕ್ಕೆ ತಾವು ಬಾಗಿಲಿನಲ್ಲಿ ಹಾಜರು; ನಮ್ಮ ಕಚೇರಿಯಲ್ಲಿ ಇಂಥವರೊಬ್ಬರಿದ್ದಿದ್ದರೆ ಊರಿಗೆ ಎಂದೋ ಇಪ್ಪತ್ತನಾಲ್ಕು ತಾಸು ನೀರು ಬರುತ್ತಿತ್ತು. ತಾವು ಪಕ್ಷಪಾತಿಗಳೂ ಅಲ್ಲ, ಬೇಲಿ, ಕೋಳಿ, ನಾನು, ಎಲ್ಲವೂ ತಮಗೆ ಸಮಾನ. ಸತ್ತಾಗಲೆಲ್ಲ ನಾನು ನನ್ನ ಹಾಸಿಗೆಯಲ್ಲೇ ಮತ್ತೆ ಎದ್ದಿದ್ದೇನೆ, ಆದರೆ ನನ್ನ ಕೈಚೀಲ ಸತ್ತ ಜಾಗದಲ್ಲಿ, ಎಂದರೆ ತಮ್ಮ ಪಾದಗಳ ಬುಡದಲ್ಲೇ ಉಳಿದಿದೆ, ಅದನ್ನು ತರಲು ಹೋಗಿ ಎರಡು ಸಲ ಮತ್ತೆ ಸತ್ತಿದ್ದೇನೆ. ಇಷ್ಟು ನಿಷ್ಠೆಯಿಂದ ನನ್ನ ಚೀಲ ಕಾದವರು ಹಿಂದೆ ಯಾರೂ ಇರಲಿಲ್ಲ.

ಈ ವಯಸ್ಸಿನಲ್ಲಿ ಈ ಉಸಾಬರಿ ಏಕೆಂದು ತಾವು ಕೇಳಬಹುದು, ನಮ್ಮ ಯಜಮಾನರೂ ಕೇಳಿದರು. ಅವರು ಹಳೆಯ ಪೈಲ್ವಾನರು. ತಮ್ಮ ಚಿತ್ರವನ್ನು ನೋಡಿ, “ಅದಕ್ಕ ಹದಿನೈದು ದಿನ ಬದಾಮಿ ಹಾಲು ಕುಡಿಸಿ ನಮ್ಮ ಗರಡಿಗೆ ಕಳಸು, ಮಣ್ಣು ಮುಕ್ಕಿಸಿ ವಾಪಸ್ ಕೊಡ್ತೀನಿ” ಎಂದು ಹೇಳಿ ಮಲಗಿಬಿಟ್ಟರು. ಅವರಿಗೆ ಹೇಳದ ಕಾರಣವನ್ನು ತಮಗೆ ಹೇಳುತ್ತೇನೆ. ಮಹಡಿಯ ಮೇಲೆ ನನ್ನ ಓರಗಿತ್ತಿ ಶೇವಂತಾ ಇದ್ದಾಳೆ, ಈ ಕೇತಕಿಯ ಅತ್ತೆ. ಮೂರು ವರ್ಷದಿಂದ ನನಗೂ ಅವಳಿಗೂ ಮಾತಿಲ್ಲ. ಅವಳೂ ಮಧ್ಯಾಹ್ನ ಇದೇ ಆಟ ಆಡುತ್ತಾಳೆ. ತಮ್ಮ ಲೋಕದಲ್ಲಿ ಗುಡ್ಡದ ಮೇಲೆ ಕೆಂಪು ಹೆಂಚಿನ ಮನೆ ಇದೆಯಲ್ಲ, ಅದು ಅವಳದೇ. ಅಂಗಳದಲ್ಲಿ ಆರು ಮೃಗಗಳು ಹಸಿರು ಕಣ್ಣು ಬಿಟ್ಟುಕೊಂಡು ಮಲಗಿರುತ್ತವೆ. ಅವಳ ನಗು ನಮ್ಮ ಸೂರಿನ ಮೂಲಕ ಕೆಳಗೆ ಕೇಳಿಸುತ್ತದೆ. ಇಪ್ಪತ್ತೆಂಟು ವರ್ಷ ಆ ನಗುವನ್ನು ಎದುರಿಗೆ ಕೂತು ಕೇಳಿದವಳು ನಾನು. ಯಾರಿಗೂ ಪಳಗದ ತಮ್ಮನ್ನು ಪಳಗಿಸಿ, ತಮ್ಮ ಬೆನ್ನೇರಿ ಅವಳ ಗುಡ್ಡದ ಮುಂದೆ ಒಂದು ಸುತ್ತು ಹಾಕಿದರೆ ಅವಳು ತಡೆಯಲಾರದೆ ಏನಾದರೂ ಅಂದಾಳು, ಬೈಗುಳವಾದರೂ ಸರಿ ಎಂಬುದು ನನ್ನ ಆಸೆ.

ಇನ್ನು ದೂರಿಗೆ ಬರುತ್ತೇನೆ. “ದೊಡ್ಡತ್ತೀ, ಅದಕ್ಕ ಮೀನು ಹಾಕ್ರಿ, ನಂಬಿಕಿ ಬಂದ್ರ ಅದೂ ಏನರ ತಂದು ಬಾಗಿಲಾಗ ಇಡತೈತಿ” ಎಂದು ಕೇತಕಿ ಹೇಳಿದ್ದಳು. ಆಮೇಲೇನು ಮಾಡಬೇಕೆಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಾಗಿಲಿಗೆ ಬಂದದ್ದಕ್ಕೆ ಏನು ಮಾಡಬೇಕೆಂದು ಸಾಳೋಖೆಯವರ ಹಿರಿಯ ಸೊಸೆ ಯಾರಿಂದ ಕಲಿಯಬೇಕು? ನಾನು ಮೀನು ಹಾಕಿದೆ. ತಾವು ಒಂದು ಮೂಳೆ ತಂದಿಟ್ಟಿರಿ, ಕಣ್ಣು ಹಳದಿಯಾಯಿತು. ಮೂಳೆ ಎತ್ತಿಕೊಂಡು ಅದೇ ಜಾಗದಲ್ಲಿ ಮರ್ಯಾದೆಯಿಂದ ಎರಡು ರೊಟ್ಟಿ ಇಟ್ಟೆ. ಕಣ್ಣು ಕೆಂಪಾಯಿತು, ಬೇಲಿ ಹೋಯಿತು. ಕೊಟ್ಟದ್ದು ಕಡಿಮೆಯಾಯಿತೇನೋ ಎಂದು ಮುಂದಿನ ಸಲ ತಮ್ಮ ಕೊಂಬಿನ ತುಂಡಿಗೆ ಪ್ರತಿಯಾಗಿ ಐದು ರೊಟ್ಟಿ, ಅದರ ಮುಂದಿನ ಸಲ ಒಂದು ಗಡಿಗೆ ಜೇನು, ಕೊನೆಗೆ ನನ್ನ ಹೊಲದ ಅತಿ ದೊಡ್ಡ ಕುಂಬಳವನ್ನೇ ಉರುಳಿಸಿಕೊಂಡು ಬಂದು ಇಟ್ಟೆ. ನಲವತ್ತು ದಿನಗಳಲ್ಲಿ ಹೀಗೆ ಹತ್ತೊಂಬತ್ತು ಸಲ ಆಗಿದೆ. ನನ್ನ ಮರ್ಯಾದೆ ಏರಿದಷ್ಟೂ ತಮ್ಮ ಕೋಪವೂ ಏರಿದೆ.

ಕೊಟ್ಟ ಪಾತ್ರೆ ಖಾಲಿಯಾಗಿ ತಿರುಗಿ ಬರಬಾರದೆಂಬುದು ನಮ್ಮ ಮನೆಯ ರೀತಿ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಅದರಲ್ಲಿರಬೇಕು. ಶೇವಂತಾಳೊಡನೆ ನನ್ನ ಮಾತು ನಿಂತದ್ದೂ ಇದಕ್ಕಾಗಿಯೇ. ಪ್ರತಿ ಬೇಸಿಗೆಯಲ್ಲೂ ನಾವಿಬ್ಬರೂ ಮೆಣಸಿನಕಾಯಿ ಹುರಿದು, ಕೊಬ್ಬರಿ, ಬೆಳ್ಳುಳ್ಳಿ ಸೇರಿಸಿ, ಗಿರಣಿಯಲ್ಲಿ ವರ್ಷದ ಮಸಾಲೆ ಖಾರ ಕುಟ್ಟಿಸಿಕೊಂಡು ಬರುತ್ತಿದ್ದೆವು. ಆ ವರ್ಷ ಅವಳು ಟೈಫಾಯ್ಡ್ ಹಿಡಿದು ಮಲಗಿದ್ದಳು. ನಾನೊಬ್ಬಳೇ ಸೀನುತ್ತ ಎಲ್ಲ ಮಾಡಿ ಅವಳ ಪಾಲನ್ನು ಸ್ಟೀಲಿನ ಡಬ್ಬಿಯಲ್ಲಿ ಮೇಲಕ್ಕೆ ಕಳಿಸಿದೆ. ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿ ಕೆಳಗೆ ಬಂತು. ಮಾರನೆಯ ದಿನ ನಳದ ಹತ್ತಿರ ಐದು ಜನ ಹೆಂಗಸರ ಮುಂದೆ, “ನಮ್ಮ ಶೇವಂತಾನ ಮನ್ಯಾಗ ಸಕ್ಕರಿಗೆ ಬರಗಾಲ ಬಂದೈತಿ, ಯಾರರ ಒಂದ್ ಚಿಟಿಕಿ ಕೊಡ್ರವಾ” ಎಂದೆ. ಮಾತು ಚೆನ್ನಾಗಿತ್ತು, ಐವರೂ ನಕ್ಕರು. ಶೇವಂತಾ ಕೊಡ ಎತ್ತಿಕೊಂಡು ಮೇಲೆ ಹೋದವಳು ಮತ್ತೆ ಕೆಳಗಿಳಿದು ನಮ್ಮ ಮನೆಗೆ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ತಾವು ಬೇಲಿ ಮುರಿಯುವ ಮುನ್ನ ಒಮ್ಮೆ ಕೆಮ್ಮಬೇಕು. ಸೋಮವಾರ ನನ್ನ ಉಪವಾಸವಾದ್ದರಿಂದ ಅಂದು ಕೊಲ್ಲಬಾರದು, ಕೊಂದರೂ ಹೊಟ್ಟೆಗೆ ಒದೆಯಬಾರದು. ನಾನಿತ್ತ ಕುಂಬಳವನ್ನು ತಾವು ಏಕೆ ತುಳಿದಿರಿ ಎಂಬುದಕ್ಕೆ ಸಮಜಾಯಿಷಿಯನ್ನು ಎರಡು ಪ್ರತಿಗಳಲ್ಲಿ ಬರೆದು ಗುಡ್ಡದ ಮನೆಯವರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಅಂಟಿಸಬೇಕು. ಸಾಧ್ಯವಾದರೆ ಒಂದು ದಿನ, ಒಂದೇ ಒಂದು ದಿನ, ಆ ಗುಡ್ಡದ ಕಡೆಗೂ ಹೋಗಿ ಅವರ ಬೇಲಿಯನ್ನೂ

ಇಲ್ಲಿಯವರೆಗೆ ಬರೆದು ಚಹಾ ಮಾಡಿಕೊಳ್ಳಲು ಎದ್ದಿದ್ದೆ. ಮುಂದಿನದನ್ನು ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಆ ವಾಕ್ಯವನ್ನು ಪೂರ್ತಿ ಮಾಡಲು ಈಗ ಮನಸ್ಸಿಲ್ಲ, ಬರೆದದ್ದನ್ನು ಹರಿದು ಹಾಕುವ ಅಭ್ಯಾಸ ನಮ್ಮ ಕಚೇರಿಯಲ್ಲಿರಲಿಲ್ಲ.

ಅಂದು ಚಹಾ ಕುಡಿಯುತ್ತ ಟ್ಯಾಬು ತೆರೆದೆ. ಬಾಗಿಲಲ್ಲಿ ತಾವು ತಂದಿಟ್ಟ ನೀಲಿ ಗರಿಯೊಂದಿತ್ತು, ಪಕ್ಕದಲ್ಲಿ ಹಳದಿ ಕಣ್ಣಿನ ತಾವು ನಿಂತಿದ್ದಿರಿ. ಪದ್ಧತಿಯಂತೆ ನಾನು ಎಂಟು ರೊಟ್ಟಿ ಎತ್ತಿಕೊಂಡು ಬಂದು ಬಗ್ಗಿದೆ. ಆಗ ನಮ್ಮ ಮನೆಯ ಮೆಟ್ಟಿಲಿನ ಕಡೆಯಿಂದ, ಮೂರು ವರ್ಷ ನನ್ನನ್ನು ಕರೆಯದ ದನಿ ಕೂಗಿತು: “ಅಕ್ಕಾ! ಇಡಬ್ಯಾಡ್ರಿ! ಅದನ್ನ ಚೀಲದಾಗ ಹಾಕ್ಕೊಂಡು ಸುಮ್ಮನ ಒಳಗ ಹೋಗ್ರಿ! ಗುಡ್ಡದ ಮ್ಯಾಲಿಂದ ನೋಡಿ ನೋಡಿ ನನಗ ಸಾಕಾತು. ಅದು ಪ್ರೀತಿಲೆ ತಂದದ್ದಕ್ಕ ನೀವು ತಿರುಗಿ ಇಟ್ರ, ನಿಂದು ನನಗ ಬ್ಯಾಡ ಅಂದಂಗ ಆಕ್ಕೈತಿ ಅದಕ್ಕ!”

ಮೂರು ವರ್ಷದಿಂದ ಕಾದ ಮಾತು ಬಂದಾಗ ನಾನೇನು ಹೇಳಿದೆನೆಂದು ತಮಗೂ ತಿಳಿಯಲಿ. “ಏನೂ ಇಡದ ಸುಮ್ಮನ ತಗೊಳ್ಳೂದು ನಿನಗ ಬರತೈತಿ ಶೇವಂತಾ, ನನಗ ಬರೂದಿಲ್ಲ” ಎಂದು ರೊಟ್ಟಿಯನ್ನೂ ಇಟ್ಟುಬಿಟ್ಟೆ. ನಾಲಿಗೆಗೆ ಎಲುಬಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳು ತಿರುಗಿ ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ, ಮೂರು ಮೆಟ್ಟಿಲು ಕೆಳಗಿಳಿದಳು. “ಅವ್ವ ತೀರಿಹೋಗಿ ಆಗ ಹನ್ನೆರಡು ವರ್ಷ ಆಗಿತ್ತಕ್ಕಾ. ಅಕಿ ಹೋದ ಮ್ಯಾಲ ಯಾರೂ ನನಗ ಖಾರದ ಡಬ್ಬಿ ತುಂಬಿ ಕಳಿಸಿರಲಿಲ್ಲ. ಜ್ವರದಾಗ ಅದರ ವಾಸನಿ ಹಿಡಕೊಂಡು ಅತ್ತೆ ನಾ. ತವರಿಂದ ಬಂದ ಡಬ್ಬಿಗೆ ಯಾರರ ಸಕ್ಕರಿ ಹಾಕಿ ತಿರುಗಿ ಕಳಸ್ತಾರೇನ್ರಿ?”

ಮಾನ್ಯರೇ, ನಳದ ಹತ್ತಿರ ನಕ್ಕ ಐದು ಮುಖಗಳೂ ನೆನಪಾಗಿ ನಾಚಿಕೆಯಿಂದ ಅಲ್ಲೇ ಕೂತುಬಿಟ್ಟೆ. ಸೆರಗಿನಿಂದ ಕಣ್ಣೊರೆಸಿಕೊಂಡು “ಬಾ, ಚಹಾ ಆರತೈತಿ” ಎಂದಷ್ಟೇ ಹೇಳಲು ಆಯಿತು. ಅವಳು ಬಂದು, ಕೂತು, ಕುಡಿದು, ಚಹಾಕ್ಕೆ ಶುಂಠಿ ಕಡಿಮೆಯಾಗಿದೆ ಎಂದಳು. ಇದೆಲ್ಲ ನಡೆಯುತ್ತಿದ್ದಾಗ ತಾವು ನನ್ನನ್ನು ಎಂಟನೆಯ ಬಾರಿ ಕೊಂದಿರಂತೆ. ನಾವಿಬ್ಬರೂ ಗಮನಿಸಲಿಲ್ಲ.

ಇದರಿಂದ ನನ್ನ ದೂರು ವಾಪಸಾಯಿತೆಂದು ತಾವು ಉಬ್ಬಬೇಕಾಗಿಲ್ಲ. ಬೇಲಿಯ ಆರು ಗೂಟ, ಮೂರು ಕೋಳಿ ಮತ್ತು ನನ್ನ ಎಂಟು ಪ್ರಾಣಗಳ ಬಗ್ಗೆ ತಮ್ಮ ಸಮಜಾಯಿಷಿ ಇನ್ನೂ ಬರಬೇಕಿದೆ. ಗುರುವಾರ ನಾನು ಮತ್ತು ಶೇವಂತಾ ಮೆಣಸಿನಕಾಯಿ ಹೊತ್ತು ಗಿರಣಿಗೆ ಹೋಗುವವರಿದ್ದೇವೆ. ಅಂದು ಕೊಲ್ಲಿಸಿಕೊಳ್ಳಲು ನನಗೆ ಬಿಡುವಿಲ್ಲ, ತಾವು ದಯವಿಟ್ಟು ಕಾಯದೆ ಊಟ ಮಾಡಬೇಕು.

ಸತ್ತರೂ ಸೌಜನ್ಯ ಬಿಡದ,
ತಮ್ಮ ವಿಶ್ವಾಸಿ,
ಪುಷ್ಪಲತಾ ಯಶವಂತ ಸಾಳೋಖೆ

ತಾ.ಕ.: ನಿನ್ನೆ ತಾವು ದೊಡ್ಡ ಮನಸ್ಸು ಮಾಡಿ ತಂದಿಟ್ಟ ಸತ್ತ ಕಪ್ಪೆ ತಲುಪಿತು. ಅದಕ್ಕಿಂತ ಒಳ್ಳೆಯದು ತಮ್ಮ ಜೌಗಿನಲ್ಲಿ ಸಿಗಲಿಲ್ಲವೇ ಎಂದು ನಾನು ಕೇಳುವುದಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡೆ, ಪ್ರತಿಯಾಗಿ ಏನನ್ನೂ ಇಡಲಿಲ್ಲ, ತಮ್ಮ ಕಣ್ಣು ನಿಧಾನವಾಗಿ ಹಸಿರಾಯಿತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಕಣ್ಣು ಹಸಿರಾಗುವವರೆಗೂ ಶೇವಂತಾ ಪಕ್ಕದಲ್ಲಿ ಕೂತು ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.