ಹೊರತರಲಾದ ಗುಮಾಸ್ತ

ದೂರು ವಿಲೇವಾರಿ ಕಚೇರಿಯಲ್ಲಿ ವಿಲೇವಾರಿಯಾಗದ ದೂರು ಒಂದೂ ಇಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಸೋರುವ ನಲ್ಲಿ, ಉರಿಯದ ಬೀದಿದೀಪ, ಕುಸಿದ ಕಾಂಪೌಂಡು, ಏನೇ ಇರಲಿ, ಬೆಳಿಗ್ಗೆ ಬಂದ ದೂರು ಸಂಜೆಯೊಳಗೆ ಮುಗಿದಿರುತ್ತದೆ. ನಲ್ಲಿ ಮಾತ್ರ ಸೋರುತ್ತಲೇ ಇರುತ್ತದೆ. ಅದು ನಲ್ಲಿಯ ವಿಷಯ, ಕಚೇರಿಗೆ ಸಂಬಂಧಪಟ್ಟದ್ದಲ್ಲ.

ಈ ಕೀರ್ತಿಯೆಲ್ಲ ಇಂಗ್ಲಿಷ್ ಗುಮಾಸ್ತ ನಿಘಂಟಪ್ಪನವರಿಗೆ ಸಲ್ಲತಕ್ಕದ್ದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ಅವರು ಬರುವ ಮುಂಚೆ ಕಚೇರಿಯ ಉತ್ತರಗಳು ಬಹಳ ಒರಟಾಗಿದ್ದವು. 'ವಿ ಲುಕ್ಡ್' ಎಂದು ಬರೆದರೆ, ನೋಡಿ ಏನು ಕಡಿದು ಕಟ್ಟೆ ಹಾಕಿದಿರಿ ಎಂದು ಜನ ತಿರುಗಿ ಕೇಳುತ್ತಿದ್ದರು. ನಿಘಂಟಪ್ಪನವರು ಅದಕ್ಕೊಂದು ಪುಟ್ಟ ಬಾಲ ಕಟ್ಟಿ 'ಲುಕ್ಡ್ ಇನ್‌ಟು' ಎಂದು ಮಾಡಿದರು. ಪರಿಶೀಲಿಸಲಾಯಿತು ಎಂದಂತಾಯಿತು, ಕೇಳುವವರು ತೆಪ್ಪಗಾದರು. ಬರೀ 'ಟುಕ್' ಎಂದರೆ ತೆಗೆದುಕೊಂಡದ್ದನ್ನು ವಾಪಸು ಕೊಡಬೇಕಾಗುತ್ತದೆ, 'ಟುಕ್ ಅಪ್' ಎಂದರೆ ಕೈಗೆತ್ತಿಕೊಂಡದ್ದಷ್ಟೇ, ಆ ಗೋಜಿಲ್ಲ. ಬರೀ 'ಪಾಸ್ಡ್' ಎಂದರೆ ಪರೀಕ್ಷೆ, 'ಪಾಸ್ಡ್ ಆನ್' ಎಂದರೆ ಬೇರೆಯವರ ತಲೆನೋವು. 'ಡೆಲ್ಟ್ ವಿತ್', ಅಂದರೆ ಕ್ರಮ ಕೈಗೊಂಡಾಯಿತು, ಎಂಬುದಂತೂ ಬ್ರಹ್ಮಾಸ್ತ್ರ, ಅದನ್ನು ಓದಿದ ಮೇಲೆ ಬದುಕಿ ಉಳಿದ ದೂರಿಲ್ಲ. ಇಷ್ಟೆಲ್ಲ ಕಂಡುಕೊಂಡ ಮೇಲೆ ಅವರೇ ಒಂದು ಸುತ್ತೋಲೆ ಬರೆದರು.

"ಇನ್ನು ಮುಂದೆ ಈ ಕಚೇರಿಯ ಸಕಲ ಪತ್ರಗಳು ಇಂಗ್ಲಿಷ್ ಭೂತಕಾಲದಲ್ಲೇ ಇರತಕ್ಕದ್ದು. ಪ್ರತಿ ಕ್ರಿಯಾಪದಕ್ಕೂ ತಕ್ಕ ಬಾಲಪದ ಸೇರಿಸತಕ್ಕದ್ದು. ವರ್ತಮಾನಕಾಲ ಬಳಸಿದವರಿಂದ ವಿವರಣೆ ಕೇಳಲಾಗುವುದು. ಭವಿಷ್ಯತ್ಕಾಲ ಬಳಸಿದವರು ಆ ಕೆಲಸವನ್ನು ತಾವೇ ಮಾಡತಕ್ಕದ್ದು. ದೂರು ಬಾಕಿ ಇರುವಾಗ ಅದು ಪರಿಶೀಲನೆಯಲ್ಲಿರುವುದರಿಂದ, ಅದರ ಮೇಲೆ ಯಾರೂ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ."

ಮಾರನೆಯ ದಿನದಿಂದಲೇ ಕಚೇರಿಯಲ್ಲಿ ಭವಿಷ್ಯತ್ಕಾಲ ನಿಂತುಹೋಯಿತು.

ಹೀಗಿರಲಾಗಿ ಒಂದು ಮಧ್ಯಾಹ್ನ ನಿಘಂಟಪ್ಪನವರು ಬೇಗ ಹೊರಟರು. ಅವರ ಒಬ್ಬಳೇ ಮಗಳಿಗೆ ದೂರದ ಹಡಗುಕಟ್ಟೆಯಲ್ಲಿ ವೆಲ್ಡರ್ ಕೆಲಸ ಸಿಕ್ಕಿತ್ತು. ಸಂಜೆಯ ಬಸ್ಸಿಗೆ ಹೋದರೆ ಎರಡು ವರ್ಷ ಊರ ಕಡೆ ಬರುವ ಹಾಗಿಲ್ಲ. ನಾನೇ ಬಂದು ಬಸ್ಸು ಹತ್ತಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಮೂರನೇ ಮಹಡಿಯಲ್ಲಿ ಲಿಫ್ಟು ಹತ್ತಿ, ಜಾಲರಿ ಬಾಗಿಲು ಎಳೆದು, ಗುಂಡಿ ಒತ್ತಿದರು. ಲಿಫ್ಟು ಒಂದಾಳುದ್ದ ಇಳಿದು, ಗಕ್ಕನೆ ನಿಂತಿತು. ಈಗ ಅವರಿಗೆ ಕಾಣುತ್ತಿದ್ದದ್ದು ತಲೆಯ ಮೇಲೆ ಗೇಣಗಲದ ಸಂದು, ಆ ಸಂದಿನಲ್ಲಿ ಮೂರನೇ ಮಹಡಿಯ ನೆಲ, ನೆಲದ ಮೇಲೆ ಓಡಾಡುವವರ ಪಾದಗಳು.

ಕೂಗಿದ ಮೇಲೆ ಅಧೀಕ್ಷಕಿಯವರ ಕಪ್ಪು ಚಪ್ಪಲಿ ಬಂದು ನಿಂತಿತು.

"ಮೇಡಂ, ಎದುರು ಬೀದೀಲೇ ಲಿಫ್ಟ್ ಮೆಕ್ಯಾನಿಕ್ ಇದ್ದಾನೆ. ಸ್ವಲ್ಪ ಹೇಳಿ ಕಳಿಸಿ."

"ದೂರು ಕೊಡದೇನೇ? ನೀವೇ ಹೀಗಂದ್ರೆ ಉಳಿದೋರಿಗೆ ನಾನೇನು ಹೇಳ್ಲಿ?"

ಮಾತು ಸರಿಯಾಗಿತ್ತು. ನಿಘಂಟಪ್ಪನವರು ದೂರು ಬರೆದು ಸಂದಿನಿಂದ ಮೇಲಕ್ಕೆ ಕೊಟ್ಟರು. ಅದಕ್ಕೆ ಮೊಹರು ಬಿತ್ತು, ಸಂಖ್ಯೆ ಬಿತ್ತು, ಮತ್ತೆ ಅದೇ ಸಂದಿನಿಂದ ಕೆಳಕ್ಕೆ ಬಂತು.

"ಉತ್ತರದ ಕರಡು ಬರೆಯೋದು ನಿಮ್ಮ ಕೆಲಸ ಅಲ್ವಾ," ಎಂದರು ಅಧೀಕ್ಷಕಿ.

ನಿಘಂಟಪ್ಪನವರು ಅವಸರದಲ್ಲಿ 'ದಯವಿಟ್ಟು ಬಾಗಿಲು ತೆರೆಯಿರಿ' ಎಂಬರ್ಥದ ಇಂಗ್ಲಿಷು ಬರೆದರು. ಹಾಳೆ ವಾಪಸು ಬಂತು.

"ಇದ್ರಲ್ಲಿ ಭೂತಕಾಲ ಎಲ್ಲಿದೆ? ತೆರೆಯಿರಿ ಅಂತ ಬರೆದ್ರೆ ಯಾರಾದ್ರೂ ತೆರೀಬೇಕಾಗುತ್ತೆ. ಬಾಕಿ ದೂರನ್ನ ಮೆಕ್ಯಾನಿಕ್ ಮುಟ್ಟೋ ಹಾಗೂ ಇಲ್ಲ. ಮೊದಲು ಮುಗಿಸಿಬಿಡಿ, ಆಮೇಲೆ ಕರೆಸ್ತೀನಿ. ನಿಯಮ ನಿಮ್ಮದೇ."

ತಮ್ಮ ನಿಯಮವನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದನ್ನು ಕಂಡು, ಸಿಕ್ಕಿಕೊಂಡ ಆ ಗಳಿಗೆಯಲ್ಲೂ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು. 'ದಿ ಮ್ಯಾಟರ್ ವಾಸ್ ಲುಕ್ಡ್ ಇನ್‌ಟು. ದಿ ಕ್ಲರ್ಕ್ ವಾಸ್ ಬ್ರಾಟ್ ಔಟ್' ಎಂದು ಬರೆದು ಸಹಿ ಹಾಕಿದರು.

"ಬ್ರಾಟ್ ಡೌನ್ ಅಂದ್ರೆ ಆಗಲ್ವಾ? ಲಿಫ್ಟ್ ಕೆಳಗೆ ಹೋಗ್ತಿತ್ತಲ್ಲ."

"ಅದು ಸರ್ಕಾರ ಉರುಳಿಸೋಕೆ, ಮೇಡಂ."

"ಬ್ರಾಟ್ ಅಪ್?"

"ಅದು ಮಕ್ಕಳನ್ನ ಸಾಕೋಕೆ," ಎಂದರು ನಿಘಂಟಪ್ಪನವರು. "ಬೇಗ ಕರೆಸಿ ಮೇಡಂ, ಹೊತ್ತಾಗ್ತಿದೆ."

ಮೆಕ್ಯಾನಿಕ್ ಕೂಡಲೇ ಬಂದ. ಪತ್ರವನ್ನು ಎರಡೆರಡು ಸಲ ಓದಿಸಿಕೊಂಡ. ಬಗ್ಗಿ ಸಂದಿನೊಳಗೆ ನೋಡಿದ.

"ಸರ್, ನೀವು ಹೊರಗೆ ಬಂದಾಯ್ತು ಅಂತ ಇದೆ."

"ಇಲ್ಲೇ ಇದ್ದೀನಲ್ಲಪ್ಪ, ಕಾಣಲ್ವಾ?"

"ಕಾಣ್ತೀರಿ ಸರ್. ನಾನೆಲ್ಲಿ ಇಲ್ಲ ಅಂದೆ? ಆದ್ರೆ ಹೊರಗಿರೋರನ್ನ ಇನ್ನೊಂದ್ಸಲ ಹೊರಗೆ ತೆಗೆದ್ರೆ ನನ್ನ ಕೆಲಸಕ್ಕೇ ಕುತ್ತು. ಹೆಂಡ್ತಿ ಮಕ್ಕಳಿರೋನು ನಾನು."

ಕೆಲಸ ತೃಪ್ತಿಕರವಾಗಿದೆ ಎಂದು ರುಜು ಮಾಡಿ ಅವನು ಹೋದ.

ಗಂಡ ಮನೆಗೆ ಬರಲಿಲ್ಲವೆಂದು ಹೆಂಡತಿ ಮಗಳನ್ನು ಕರೆದುಕೊಂಡು, ಪೆಟ್ಟಿಗೆ ಹಿಡಿದುಕೊಂಡು ಕಚೇರಿಗೇ ಬಂದರು. ಸಂದಿನಲ್ಲಿ ದಪ್ಪ ಅಟ್ಟೆಯ ಬೂಟು ಕಾಣಿಸಿತು. ಕೆಲಸಕ್ಕೆಂದು ಮಗಳು ಹೊಸದಾಗಿ ಕೊಂಡದ್ದು. ಅವಳು ನೆಲಕ್ಕೆ ಕೂತು ಕೈ ಇಳಿಬಿಟ್ಟಳು. ನಿಘಂಟಪ್ಪನವರು ತುದಿಗಾಲಲ್ಲಿ ನಿಂತು ಆ ಬೆರಳುಗಳನ್ನು ಹಿಡಿದುಕೊಂಡರು.

"ಅಪ್ಪಾ, ಒಂದು ರಾಡು ಸಿಕ್ರೆ ಸಾಕು. ಈ ಜಾಲರಿ ನಂಗೆ ಯಾವ ಲೆಕ್ಕ? ಬಸ್ಸಿಗೆ ಇನ್ನೂ ಟೈಮಿದೆ, ಒಟ್ಟಿಗೇ ಹೋಗೋಣ."

ಹೂಂ ಎನ್ನಲು ಅವರು ಬಾಯಿ ತೆರೆದಿದ್ದರು.

"ಬಿಚ್ಚಲಿ, ನಂದೇನೂ ಅಡ್ಡಿಯಿಲ್ಲ," ಎಂದರು ಅಧೀಕ್ಷಕಿ. "ಆದ್ರೆ ಇಷ್ಟು ವರ್ಷದಲ್ಲಿ ನಿಮ್ಮ ಪತ್ರ ಒಂದು ಸುಳ್ಳು ಅಂತ ಆಗೋದು ಇದೇ ಮೊದಲು."

 ನಿಘಂಟಪ್ಪನವರು ಮಗಳ ಬೆರಳು ಬಿಟ್ಟರು.

"ಬೇಡ ಕಣಮ್ಮ. ಸಹಿ ನಂದು."

ಮಗಳು ಎದ್ದು, ಅಮ್ಮನ ಜೊತೆ ಹೊರಟಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೆಳಕೆಳಕ್ಕೆ ಹೋಯಿತು. ನಿಘಂಟಪ್ಪನವರು ಅತ್ತರು. ಅಳುವುದರ ಬಗ್ಗೆ ಸುತ್ತೋಲೆಯಲ್ಲಿ ಏನನ್ನೂ ಹೇಳಿಲ್ಲ.

ಮಾರನೆಯ ದಿನ ಲಿಫ್ಟಿಗೆ ಅವರ ಹೆಸರಿನ ಫಲಕ ಬಂತು. ಒಂದು ಸ್ಟೂಲು, ಒಂದು ಮೊಹರು, ಒಂದು ಬಲ್ಬು ಕೊಡಲಾಯಿತು. ದಿನದ ದೂರುಗಳು ಸಂದಿನಿಂದ ಇಳಿದು, ಮುಗಿದು, ಮೇಲೆ ಹತ್ತತೊಡಗಿದವು. ಮೆಟ್ಟಿಲು ಹತ್ತಿ ಬಂದವರು, ಇವರನ್ನು ನೋಡಿ ಕಲೀರಿ, ಕೂತ ಜಾಗ ಬಿಟ್ಟು ಏಳೋದಿಲ್ಲ ಎಂದು ಮಕ್ಕಳಿಗೆ ತೋರಿಸುತ್ತಿದ್ದರು.

ಮಧ್ಯಾಹ್ನ ಬುತ್ತಿ ತಂದ ಹೆಂಡತಿಗೆ ಸಿಟ್ಟು ಇಳಿದಿರಲಿಲ್ಲ. ಬುತ್ತಿಯನ್ನು ಸಂದಿನೊಳಗೆ ತಳ್ಳಿ, ಸೀದಾ ಕೌಂಟರಿಗೆ ಹೋಗಿ ದೂರು ಕೊಟ್ಟರು: ನನ್ನ ಗಂಡ ಮಗಳನ್ನು ಕಳಿಸಿಕೊಡಲು ಬರಲಿಲ್ಲ. ಸಂಖ್ಯೆ ಬಿದ್ದ ಆ ದೂರು, ಕ್ರಮದಂತೆ, ಗಂಡನ ತಲೆಯ ಮೇಲೇ ಇಳಿಯಿತು.

"ಸೆಂಟ್ ಆಫ್ ಅಂತ ಹಾಕಿ ಮುಗಿಸಿ," ಎಂದರು ಅಧೀಕ್ಷಕಿ, ಮೆತ್ತಗೆ.

"ಬೇಡ ಮೇಡಂ. ಅದು ಆಟಗಾರನ್ನ ಮೈದಾನದಿಂದ ಅಟ್ಟೋಕೆ." ನಿಘಂಟಪ್ಪನವರು ಕಣ್ಣೊರೆಸಿಕೊಂಡು ಬರೆದರು: 'ದಿ ಡಾಟರ್ ವಾಸ್ ಸೀನ್ ಆಫ್ ಬೈ ದಿ ಫಾದರ್.' "ಸ್ಟ್ಯಾಂಡಿಗೆ ಹೋಗಿ, ಪೆಟ್ಟಿಗೆ ಹತ್ತಿಸಿ, ಬಸ್ಸು ಕಣ್ಣಿಗೆ ಮರೆಯಾಗೋವರೆಗೂ ನಿಂತಿದ್ದು ಅಷ್ಟೂ ಇದ್ರಲ್ಲಿ ಬರುತ್ತೆ."

ಅಧೀಕ್ಷಕಿ ಉತ್ತರವನ್ನು ಕನ್ನಡದಲ್ಲಿ ಓದಿ ಹೇಳಿದರು: ತಂದೆಯೇ ಮಗಳನ್ನು ಬೀಳ್ಕೊಟ್ಟರು. ಹೆಂಡತಿ ಹಾಳೆಯನ್ನು ಈಸಿಕೊಂಡು ಮೊಹರು ನೋಡಿದರು, ಸಹಿ ನೋಡಿದರು. ಗಂಡನ ಸಹಿಯೇ.

"ಸ್ಟ್ಯಾಂಡಲ್ಲಿ ತುಂಬಾ ಜನ ಇದ್ರು," ಎಂದರು. "ನಾನೇ ಗಮನಿಸಲಿಲ್ಲ ಅನ್ಸುತ್ತೆ."

ಆಮೇಲೆ ಸಂದಿನ ಹತ್ತಿರ ಬಂದು ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಏನೂಂದ್ರೆ, ಬಸ್ಸು ಹೊರಟಾಗ ಅವಳು ಅತ್ತಳಾ? ನಾನು ಕಣ್ಣು ಒರೆಸ್ಕೋತಿದ್ದೆ, ಸರಿಯಾಗಿ ನೋಡ್ಲಿಲ್ಲ."

"ಇಲ್ಲ ಕಣೆ," ಎಂದರು ಒಳಗಿನಿಂದ ನಿಘಂಟಪ್ಪನವರು. "ಅಳಲಿಲ್ಲ. ತಿರುವು ಬರೋವರೆಗೂ ನನ್ನ ಕಡೆ ಕೈ ಬೀಸ್ತಾನೇ ಇದ್ಲು."